ಟಿಫಿನ್ ಡಬ್ಬಿಯಲ್ಲಿ ತಂದ ಹೂವು

ಮೊನ್ನೆ ಶನಿವಾರ ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರು ಗಿಡ ಮಾರುವವನ ಜೊತೆ ಜಗಳವಾಡಿದೆ. ಮಂಡಿನೋವಿಗೆ ಎಣ್ಣೆ ತರಲು ಹೋದವಳು ನಾನು. ಅರವತ್ತು ದಾಟಿದ ಹೆಂಗಸು ನಡುರಸ್ತೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಕೂಗಾಡುವುದು ನೋಡುವುದಕ್ಕೆ ಚೆಂದವಲ್ಲ, ಅದು ನನಗೂ ಗೊತ್ತು. ಆದರೆ ಅವನ ಲಗೇಜ್ ಆಟೋದ ಹಿಂಬದಿಯಲ್ಲಿ, ದಾಸವಾಳ, ಕ್ರೋಟನ್, ಮನಿಪ್ಲಾಂಟ್‌ಗಳ ನಡುವೆ, ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಅದು ತೇಲುತ್ತಿತ್ತು. ಉಬ್ಬಿದ ಬುಡ, ಎಣ್ಣೆ ಸವರಿದಂಥ ಎಲೆ, ನಡುವೆ ಒಂದು ತಿಳಿನೇರಳೆ ಹೂಗೊಂಚಲು. ಪುಸ್ತಕದಲ್ಲಿ ಇದಕ್ಕೆ ಅಂತರಗಂಗೆ ಅನ್ನುತ್ತಾರೆ. ನಮ್ಮೂರಿನವರು ಎಲೆಯ ಆಕಾರ ನೋಡಿ ಕತ್ತೆಕಿವಿ ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

"ಇದನ್ನ ಯಾಕಪ್ಪ ಮಾರ್ತಿದ್ದೀಯ?" ಅಂದೆ.

"ಆಕ್ಸಿಜನ್ ಗಿಡ ಕಣಮ್ಮ. ಮಣ್ಣು ಬ್ಯಾಡ, ಗೊಬ್ರ ಬ್ಯಾಡ. ನೀರ್ಗೆ ಬುಟ್ರೆ ಸಾಕು, ತಾನೇ ಬೆಳ್ಕತದ."

"ಅದೇ ಕಣಪ್ಪ ತೊಂದ್ರೆ. ತಾನೇ ಬೆಳ್ಕತದ, ಆಮೇಲೆ ನಿಲ್ಲಾಕಿಲ್ಲ. ಕೆರೆಗೆ ಕೆರೆನೇ ನುಂಗ್ತದ."

ಅಷ್ಟರಲ್ಲಿ ಎರಡು ಗಿಡ ಚೀಲಕ್ಕೆ ಹಾಕಿಸಿಕೊಂಡಿದ್ದ ಹೆಂಗಸೊಬ್ಬಳು ನನ್ನ ಕಡೆ ತಿರುಗಿದಳು. "ನಮ್ಮ ಮನೆ ಟಬ್ಬಲ್ಲಿ ನಾವ್ ಇಟ್ಕತೀವಿ. ನಿಮಗೇನ್ರೀ ಕಷ್ಟ?"

"ಟಬ್ಬು ತುಂಬ್ದಾಗ ಏನ್ ಮಾಡ್ತೀರವ್ವ?"

"ಹೊಳೆಗೆ ಬುಡ್ತೀವಿ. ದೇವ್ರಿಗೆ ಹೂವ ಕೊಡೋ ಗಿಡವ ಕಸದ ಗಾಡಿಗೆ ಹಾಕಕಾಯ್ತದಾ?"

ಆ ಮಾತು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿಗೆ ಬಂದದ್ದು ಅಂದೆ. ಜನ ಸೇರಿದರು. ಗಿಡ ಮಾರುವವನು ಪಾಪ, ತಾಳ್ಮೆಯಿಂದಲೇ ಕೇಳಿದ. "ಇದು ಕೆರೆ ಆಳ್ ಮಾಡ್ತದ ಅಂತ ನಿಮ್ಗ್ಯಾರಮ್ಮ ಯೋಳುದ್ರು?"

"ಪೇಪರಲ್ಲಿ ಬಂದಿತ್ತು" ಅಂದೆ.

ಸುಳ್ಳು. ಪೇಪರಿನಲ್ಲಿ ಬಂದಿದ್ದಿರಬಹುದು, ನನಗೆ ಗೊತ್ತಾದದ್ದು ಹಾಗಲ್ಲ. ನೀವು ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ನಿಮಗಾದರೂ ನಿಜ ಹೇಳುತ್ತೇನೆ.

ಮೊದಲು ಕಳ್ಳತನದ ವಿಷಯ. ನೀವೂ ಕದ್ದಿರುತ್ತೀರಿ, ನಾಚಿಕೊಳ್ಳಬೇಡಿ. ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಕಾಂಪೌಂಡಿನ ಪಕ್ಕ ಒಂದು ಕ್ಷಣ ಹಿಂದುಳಿದು, ಕಡ್ಡಿ ಮುರಿದು, ಸೆರಗಿನೊಳಗೆ ಸೇರಿಸಿಕೊಂಡಿರುತ್ತೀರಿ. ಕೇಳಿ ತಂದ ಗಿಡ ಕೊರಗುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಅನ್ನುವುದು ನಮ್ಮ ಹೆಂಗಸರ ತೋಟಗಾರಿಕೆ ಶಾಸ್ತ್ರದ ಮೊದಲನೇ ಪಾಠ. ನಮ್ಮ ಅತ್ತೆ ಜೀವಮಾನದಲ್ಲಿ ಯಾರದೂ ಒಂದು ಹುಲ್ಲುಕಡ್ಡಿ ಮುಟ್ಟಿದವರಲ್ಲ, ಆದರೆ ನೆಂಟರ ಮನೆಯಿಂದ ಹೊರಟಾಗ ಅವರ ಎಲೆಅಡಿಕೆ ಚೀಲದಲ್ಲಿ ಏನಾದರೊಂದು ಹಸಿರು ಇದ್ದೇ ಇರುತ್ತಿತ್ತು. "ಗಿಡ ಕದ್ರೆ ಪಾಪಿಲ್ಲ ಕಣವ್ವ, ಭೂಮ್ತಾಯ್ದು" ಅನ್ನುತ್ತಿದ್ದರು. ಆ ಮನೆಯ ಸೊಸೆ ನಾನು. ವಿದ್ಯೆ ಬೇಗ ಹತ್ತಿತು.

ಆಗ ನಾನು ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಗಂಡನ ಮನೆ ಮುಳ್ಳೂರಿನಿಂದ ಆಚೆಗಿನ ಒಂದು ಹಳ್ಳಿ. ಹೆಸರು ಬೇಡ, ತಪ್ಪು ಊರಿನದಲ್ಲ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬಸ್ಸು ಹಿಡಿದು ಕೊಳ್ಳೇಗಾಲ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಯಳಂದೂರು. ಕಚೇರಿಯ ಹಿಂದೆ ಸಾಹೇಬರೊಬ್ಬರು ಸಿಮೆಂಟ್ ತೊಟ್ಟಿ ಕಟ್ಟಿಸಿ, ಎಲ್ಲಿಂದಲೋ ಒಂದು ನೀರುಗಿಡ ತರಿಸಿ ಬಿಟ್ಟಿದ್ದರು. ಅದು ಹೂ ಬಿಟ್ಟ ದಿನ ಇಡೀ ಕಚೇರಿ ಕೆಲಸ ಬಿಟ್ಟು ಹೋಗಿ ನೋಡಿ ಬಂತು. ಕೆಲಸ ಬಿಡಲು ಆ ಕಚೇರಿಗೆ ಹೂವೇ ಬೇಕಿತ್ತು ಅಂತಲ್ಲ. ನಾನೂ ನೋಡಿದೆ. ಮಧ್ಯಾಹ್ನ ಊಟ ಮುಗಿಸಿ ಡಬ್ಬಿ ತೊಳೆಯುವ ನೆಪದಲ್ಲಿ ತೊಟ್ಟಿಯ ಹತ್ತಿರ ಹೋಗಿ, ಅತ್ತ ಇತ್ತ ನೋಡಿ, ಒಂದು ಸಣ್ಣ ಮರಿಯನ್ನು ಕಿತ್ತು ಮೊಸರನ್ನದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲೆ. ಕೂಸನ್ನು ಕೂರಿಸಿಕೊಂಡ ಹಾಗೆ ಹಿಡಿದುಕೊಂಡಿದ್ದೆ.

ಮನೆಯ ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುವ ಹಳೆಯ ಕಲ್ಲುಬಾನಿ ಇತ್ತು. ದನಗಳನ್ನು ಕೊಟ್ಟಾಗಿತ್ತು, ಬಾನಿ ಸುಮ್ಮನೆ ಮಳೆನೀರು ಹಿಡಿದುಕೊಂಡು ಕೂತಿತ್ತು. ಅದರಲ್ಲಿ ಬಿಟ್ಟೆ. ಒಂದು ತಿಂಗಳಿಗೆ ಬಾನಿಯ ನೀರೇ ಕಾಣಲಿಲ್ಲ. ಕದ್ದು ತಂದದ್ದು ಚಿಗುರುತ್ತದೆ ಅಂದಿದ್ದೆನಲ್ಲ.

ಹೂ ಬಿಟ್ಟ ದಿನ ಅತ್ತೆಯನ್ನು ಕರೆದು ತೋರಿಸಿದೆ. ಈ ಹೂವನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಆರು ಎಸಳು, ಮೇಲಿನ ಒಂದರಲ್ಲಿ ಮಾತ್ರ ನೀಲಿ ಮಚ್ಚೆ, ಅದರೊಳಗೆ ಹಳದಿ ಬೊಟ್ಟು. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಅಣೇಲಿ ಕಣ್ಣದ ನೋಡವ್ವ," ಅಂದರು. "ಇದು ಶಿವನ್ ಊವ."

ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಒಲೆ ಹಚ್ಚುತ್ತಿರಲಿಲ್ಲ. ಮಾರನೆಯ ದಿನದಿಂದ ಬಿಲ್ವಪತ್ರೆಯ ಜೊತೆಗೆ ಈ ನೇರಳೆ ಹೂವೂ ಪೂಜೆಗೆ ಏರಿತು. ದೇವರಿಗೆ ಏರಿದ ಹೂವನ್ನು ಕಾಲು ತುಳಿಯುವ ಕಡೆ ಹಾಕಬಾರದು, ಅದು ನಿಮಗೂ ಗೊತ್ತು. ಅತ್ತೆ ಈ ನಿಯಮವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಹೂವು ಶಿವನದಾದರೆ ಗಿಡವೂ ಶಿವನದೇ. ಬಾನಿಯಿಂದ ತೆಗೆದ ಹೆಚ್ಚಿನ ಗಿಡವನ್ನು ತಿಪ್ಪೆಗೆ ಎಸೆಯಲು ಬಿಡಲಿಲ್ಲ. ಸೋಮವಾರ ಸೋಮವಾರ ವಾರದ ನಿರ್ಮಾಲ್ಯವನ್ನೂ ಹೆಚ್ಚಾದ ಗಿಡಗಳನ್ನೂ ಒಂದೇ ಮಂಕರಿಗೆ ತುಂಬಿ ನನ್ನ ಕೈಗೆ ಕೊಡುತ್ತಿದ್ದರು. "ಗಂಗಮ್ಮನ್ಗೆ ಬುಟ್ಬುಡು, ಎಂಗೂ ಆ ಕಡೀಕೇ ಓಯ್ತೀಯಲ್ಲ."

ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಕೆರೆಯ ಮೆಟ್ಟಿಲಿಗೆ ಇಳಿದು, ಮಂಕರಿ ಬೋರಲು ಹಾಕಿ, ಕಣ್ಣು ಮುಚ್ಚಿ ಕೈಮುಗಿದು ಹೋಗುತ್ತಿದ್ದೆ. ನಾನೇ. ಮೈಮೇಲೆ ಇಸ್ತ್ರಿ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಊರು ಹಾಳು ಮಾಡುವ ಮಂಕರಿ.

ಆ ಕೆರೆಯಲ್ಲಿ ತಾವರೆಯಿತ್ತು, ಮತ್ತು ತಾವರೆಗೆ ಮಾದಯ್ಯನಿದ್ದ.

ಮಾದಯ್ಯನ ಕೆಲಸ ನೋಡಲೆಂದೇ ನಾನು ಕೆಲವು ದಿನ ಐದು ನಿಮಿಷ ಮೊದಲೇ ಮನೆ ಬಿಡುತ್ತಿದ್ದೆ. ಒಣಗಿಸಿದ ಎರಡು ದೊಡ್ಡ ಸೋರೆಬುರುಡೆಗಳನ್ನು ಹಗ್ಗದಲ್ಲಿ ಜೋಡಿಸಿ, ಎದೆಯಡಿ ಇಟ್ಟುಕೊಂಡು, ಅವನು ನೀರಿಗೆ ಮಲಗುತ್ತಿದ್ದ. ಕೈಯಿಂದ ಎಲೆಗಳನ್ನು ಮೆಲ್ಲಗೆ ಸರಿಸುತ್ತ ಹೋಗುತ್ತಿದ್ದ. ಕುಡುಗೋಲು ಮುಟ್ಟಿಸುತ್ತಿರಲಿಲ್ಲ, ಮೊಗ್ಗಿನ ಕಾಂಡವನ್ನು ನೀರಿನೊಳಗೇ ತಿರುಚಿ ಎಳೆಯುತ್ತಿದ್ದ. ಮೂರು ಕಿತ್ತರೆ ನಾಲ್ಕನೆಯದನ್ನು ಬಿಡುತ್ತಿದ್ದ. ಯಾಕೆ ಅಂತ ಕೇಳಿದ್ದಕ್ಕೆ, "ಅದು ಕೆರೇದು ಕಣವ್ವ. ಎಲ್ಲಾನೂವಿ ನಾನೇ ಕಿತ್ಕಂಡ್ರೆ ಮುಂದ್ಲೊರ್ಸಕ್ಕೆ ಯಾರ್ನ ಕೇಳಾನ?" ಅಂದಿದ್ದ. ಕೆರೆಯ ತಾವರೆ ಕೀಳುವ ಹಕ್ಕು ಅವನ ಮನೆಯವರಿಗೆ ತಲೆತಲಾಂತರದಿಂದ ಬಂದದ್ದು. ಒದ್ದೆ ಗೋಣಿಯಲ್ಲಿ ಎಲೆ ಹಾಸಿ ಮೊಗ್ಗು ಸುತ್ತಿ, ನನ್ನದೇ ಬಸ್ಸಿನಲ್ಲಿ ಕೊಳ್ಳೇಗಾಲದ ಹೂವಿನ ಅಂಗಡಿಗಳಿಗೆ ಒಯ್ಯುತ್ತಿದ್ದ. ಶ್ರಾವಣದ ಸೋಮವಾರಗಳಲ್ಲಿ ಮಾತ್ರ ಒಂದನ್ನೂ ಮಾರುತ್ತಿರಲಿಲ್ಲ, ಊರಿನ ಒಂದೊಂದು ಮನೆಯ ಜಗಲಿಗೂ ಒಂದೊಂದು ಹೂ ಇಟ್ಟು ಹೋಗುತ್ತಿದ್ದ. ನಮ್ಮ ಜಗಲಿಗೂ ಇಡುತ್ತಿದ್ದ. ಅದೇ ಸೋಮವಾರ ನಾನು ಅವನ ಕೆರೆಗೆ ಮಂಕರಿ ಸುರಿದು ಬಂದಿರುತ್ತಿದ್ದೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮೆಟ್ಟಿಲ ಬದಿಗೆ ಹಸಿರು ಚಾಪೆ ಹಾಸಿತು. ಜನ ಸಂತೋಷಪಟ್ಟರು! ಮದುವೆಯ ಫೋಟೋ ತೆಗೆಯುವವನೊಬ್ಬ ಗಂಡುಹೆಣ್ಣನ್ನು ಏರಿಯ ಮೇಲೆ ನಿಲ್ಲಿಸಿ, ಹಿಂದೆ ನೇರಳೆ ಹೂ ಬರುವ ಹಾಗೆ ಫೋಟೋ ಹೊಡೆದ. ಅದನ್ನು ನೋಡಿ ಅಕ್ಕಪಕ್ಕದ ಊರಿನವರೂ ಬಂದರು. ಹೋಗುವಾಗ ಒಂದೊಂದು ಗಿಡ ತಮ್ಮೂರ ಕೆರೆಗೂ ಇರಲಿ ಅಂತ ಒಯ್ದರು. ಹಾಳು ಮಾಡುವುದನ್ನೂ ಪ್ರಸಾದದ ಹಾಗೆ ಹಂಚಿಕೊಂಡು ತಿನ್ನುವ ಜನ ನಾವು.

ಇಲ್ಲಿ ನನ್ನ ನಾದಿನಿಯ ಮಾತು ನೆನಪಾಗುತ್ತದೆ. ಅವಳನ್ನು ಹನೂರು ಕಡೆಯ ಹೂಗ್ಯಂ ಅನ್ನುವ ಊರಿಗೆ ಕೊಟ್ಟಿತ್ತು. ಅವಳ ಹೊಲದಾಚೆಗೆ ಕಾಡು, ಕಾಡಿನ ತುಂಬ ಲಂಟಾನ. ಯಾವ ಕಾಲದಲ್ಲೋ ಯಾರೋ ದೊರೆಸಾನಿಯರು ಕೈತೋಟದ ಅಂದಕ್ಕೆ ಅಂತ ತರಿಸಿದ ಗಿಡವಂತೆ ಅದು. ಒಮ್ಮೆ ಹೋಗಿದ್ದಾಗ ನಾನು ಅದರ ಬಣ್ಣಬಣ್ಣದ ಹೂ ನೋಡಿ, ಒಂದು ಕಡ್ಡಿ ಒಯ್ಯಲೇ ಅಂದೆ. ನಾದಿನಿ ನಗಲಿಲ್ಲ. "ಮೊದ್ಲು ಇಲ್ಲೆಲ್ಲ ಉಲ್ಲಿತ್ತು ಅತ್ಗೆ. ಈಗ ಇದ್ರ ಕೆಳಗೆ ಒಂದು ಗರಿಕೆ ಉಟ್ಟಾಕಿಲ್ಲ. ಆನೆಗೆ ಮೇವಿಲ್ಲ, ಅದ್ಕೇ ನಮ್ ಜ್ವಾಳಕ್ಕೆ ಬತ್ತವ. ನೀವು ಕಡ್ಡಿ ಮುರೀತೀರಿ, ನಾವು ಅಟ್ಟಣೆ ಮೇಲೆ ತಮಟೆ ಬಡೀತೀವಿ," ಅಂದಳು. ಕಡ್ಡಿಯನ್ನು ಅಲ್ಲೇ ಬಿಸಾಡಿದೆ. ಆದರೆ ಅವಳ ಮಾತಿಗೂ ನನ್ನ ಕಲ್ಲುಬಾನಿಗೂ ಸಂಬಂಧವಿದೆ ಅಂತ ಈ ದಡ್ಡ ತಲೆಗೆ ಹೊಳೆಯಲಿಲ್ಲ. ಕಾಡನ್ನು ಕೆಡಿಸಿದ್ದು ಯಾವಳೋ ದೊರೆಸಾನಿ, ನಾನಲ್ಲ. ನಾನು ಬರೀ ಟೈಪಿಸ್ಟ್.

ಮೂರನೆಯ ವರ್ಷ ತಾವರೆ ಅರ್ಧಕ್ಕೆ ಇಳಿಯಿತು. ಎಲೆ ನೀರಿನ ಮೇಲೆ ಬಿಚ್ಚಿಕೊಳ್ಳಲು ಜಾಗವೇ ಇರಲಿಲ್ಲ. ಒಂದು ಬೆಳಿಗ್ಗೆ ಮಾದಯ್ಯ ಎಂದಿನಂತೆ ಸೋರೆಬುರುಡೆ ಕಟ್ಟಿಕೊಂಡು ಇಳಿದವನು, ಕತ್ತೆಕಿವಿಯ ನಡುವೆ ಸಿಕ್ಕಿಬಿದ್ದ. ಅದರ ಬೇರು ಕಾಲಿಗೆ ಸುತ್ತಿಕೊಂಡಿತು, ಬುರುಡೆಯ ಹಗ್ಗ ಬಿಚ್ಚಿಹೋಯಿತು. ಏರಿಯ ಮೇಲಿದ್ದವರು ಹಗ್ಗ ಎಸೆದು ಎಳೆದುಕೊಂಡರು. ಬಸ್ಸಿಗೆ ಬಂದ ನಾನು ನೋಡಿದಾಗ ಅವನು ಮೆಟ್ಟಿಲ ಮೇಲೆ ಕೂತು ಕೆಸರು ಉಗುಳುತ್ತಿದ್ದ. ಕೊರಳಿಗೆ ಇನ್ನೂ ಒಂದು ಬಳ್ಳಿ ಸುತ್ತಿಕೊಂಡಿತ್ತು. ಅದರ ತುದಿಯಲ್ಲಿ ಒಂದು ಹೂವಿತ್ತು.

ಆ ಸಂಜೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಈ ಪೀಡೆ ಕೆರೆಗೆ ಬಂದದ್ದು ಹೇಗೆ? ಹಿಂದಿನ ವರ್ಷ ಮಾದಯ್ಯ ದೂರದ ಯಾವುದೋ ಕೆರೆಯಿಂದ ಮಡಕೆಯಲ್ಲಿ ಮೀನುಮರಿ ತಂದು ಬಿಟ್ಟಿದ್ದ. ಅದರ ಜೊತೆಗೇ ಬಂತು ಅಂತ ಒಬ್ಬರು ಅಂದರು. ಹೌದು ಹೌದು ಅಂತ ಹತ್ತು ಜನ ಅಂದರು.

"ನಾ ತಂದುದ್ದು ಮೀನು, ಸೊಪ್ಪಲ್ಲ," ಅಂದ ಮಾದಯ್ಯ. "ಮೀನ್ ತರಾಕೂ ಮುಂಚೇನೇ ಮೆಟ್ಲತವು ಇತ್ತು. ನಾ ಕಂಡಿವ್ನಿ."

"ಸೊಪ್ಪು ಆಕಾಸ್ದಿಂದ ಉದುರ್ತೇನ್ಲಾ?" ಅಂದ ದೊಡ್ಡ ಮನೆಯ ಯಜಮಾನ. ಎಲ್ಲರೂ ನಕ್ಕರು.

ನಾನು ಕೊಳಾಯಿಯ ಹತ್ತಿರ ಹೆಂಗಸರ ನಡುವೆ ಬಿಂದಿಗೆ ಹಿಡಿದು ನಿಂತಿದ್ದೆ. ಎಲ್ಲ ಕೇಳಿಸಿತು. ತಂದವನೇ ತೆಗೆಯಬೇಕು, ತೆಗೆದು ಕೆರೆ ಮೊದಲಿನಂತಾಗುವ ತನಕ ತಾವರೆಯ ಹಕ್ಕು ಅವನ ಮನೆಗಿಲ್ಲ ಅಂತ ತೀರ್ಮಾನವಾಯಿತು. ನನ್ನ ಬಿಂದಿಗೆ ತುಂಬಿ ಕಾಲ ಮೇಲೆ ನೀರು ಹರಿಯುತ್ತಿತ್ತು. ಒಂದು ಮಾತು ಸಾಕಿತ್ತು. ಇಪ್ಪತ್ತು ಹೆಜ್ಜೆ ನಡೆದು, ಅದು ನನ್ನ ಮಂಕರಿ ಅಂತ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಬಿಂದಿಗೆ ಎತ್ತಿಕೊಂಡು ಮನೆಗೆ ಬಂದೆ.

ಅತ್ತೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ಕಲ್ಲುಬಾನಿ ಬರಿದಾಗಿತ್ತು. ಶಿವನ ಹೂವಿನ ಗಿಡಗಳೆಲ್ಲ ತಿಪ್ಪೆಯ ಮೇಲೆ ಬೇರು ಮೇಲೆ ಮಾಡಿಕೊಂಡು ಬಿದ್ದಿದ್ದವು. ಕೆಲಸ ಇಷ್ಟು ಸುಲಭವಿತ್ತು. ಮೊದಲ ದಿನವೇ ತಿಪ್ಪೆಗೆ ಹಾಕಿದ್ದರೆ ಒಂದು ಕೆರೆ ಉಳಿಯುತ್ತಿತ್ತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಸುಮ್ಕಿರು," ಅಂದರು. "ಮನೆ ಮರ್ವಾದಿ."

ಆ ಎರಡು ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಅವರ ಕೈಯಡುಗೆ ನೆನೆದರೆ ಕಣ್ಣು ತುಂಬುತ್ತದೆ, ಆದರೂ ಸಿಟ್ಟಿದೆ. ನಮ್ಮ ಮನೆಯ ಮರ್ಯಾದೆ ಉಳಿಯಲು ಮಾದಯ್ಯನ ಮನೆಯದು ಹೋಗಬೇಕಾಯಿತು, ಅದು ನಮಗೆ ಭಾರವೆನಿಸಲಿಲ್ಲ. ಅತ್ತೆಯನ್ನು ಬಯ್ಯುವುದು ಸುಲಭ, ಬಾಯಿ ಇದ್ದದ್ದು ನನಗೂ. ಕಚೇರಿಯಲ್ಲಿ ಸಾಹೇಬರಿಗೆ ಎದುರು ಮಾತಾಡುತ್ತೇನೆ ಅಂತ ಜಂಬ ಕೊಚ್ಚುತ್ತಿದ್ದ ಬಾಯಿ.

ಮೂರು ಬೇಸಿಗೆ ಮಾದಯ್ಯ ಒಬ್ಬನೇ ಆ ಸೊಪ್ಪು ಎಳೆದ. ಬಾಳೆದಿಂಡಿನ ತೆಪ್ಪದ ಮೇಲೆ ಕೂತು, ಕುಡುಗೋಲಿನಿಂದ ಕತ್ತರಿಸಿ, ದಡಕ್ಕೆ ತಂದು ಒಣಗಿಸಿ ಸುಡುತ್ತಿದ್ದ. ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತಿತ್ತು. ಪೂರ್ತಿ ತೆಗೆದೆ ಅಂದರೂ ಮಳೆ ಬಂದಾಗ ಕೆಸರಿನಲ್ಲಿ ಮಲಗಿದ್ದ ಬೀಜ ಎದ್ದು ಬರುತ್ತಿತ್ತು. ಆಮೇಲೆ ಯಾರೋ ಜೆಸಿಬಿ ತರಿಸಿದರು, ಬ್ಯಾನರ್ ಕಟ್ಟಿದರು, ಫೋಟೋ ಹಿಡಿಸಿಕೊಂಡರು. ಎತ್ತಿದ ಸೊಪ್ಪನ್ನು ಏರಿಯ ಮೇಲೇ ರಾಶಿ ಹಾಕಿ ಹೋದರು. ಮೊದಲ ಮಳೆಗೆ ಅಷ್ಟೂ ಜಾರಿ ವಾಪಸು ಕೆರೆಗೆ ಬಂತು. ನಾನು ದಿನಾ ಬಸ್ಸಿಗೆ ಹೋಗುವಾಗ ಇದೆಲ್ಲ ನೋಡುತ್ತಿದ್ದೆ. ಎಷ್ಟು ನೋಡಿದೆನೆಂದರೆ, ಕೊನೆಗೆ ಗಂಡನಿಗೆ ಹೇಳಿ ಕೊಳ್ಳೇಗಾಲಕ್ಕೇ ಮನೆ ಬದಲಾಯಿಸಿದೆವು. ಬಸ್ಸಿನ ಓಡಾಟ ಕಷ್ಟ ಅಂತ ಎಲ್ಲರಿಗೂ ಹೇಳಿದೆ.

ಹೋದ ವರ್ಷ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಾದಯ್ಯ ಸಿಕ್ಕಿದ. ಕಣ್ಣಿನ ಪೊರೆ ತೆಗೆಸಿಕೊಂಡು ಕರಿ ಕನ್ನಡಕ ಹಾಕಿ ಕಲ್ಲುಬೆಂಚಿನ ಮೇಲೆ ಕೂತಿದ್ದ. ಮುದುಕನಾಗಿದ್ದ. ಪಕ್ಕದಲ್ಲಿ ಕೂತೆ. ಅದೂ ಇದೂ ಮಾತಾಡಿ, ಕೊನೆಗೆ ಹೇಳಿಯೇಬಿಟ್ಟೆ. ಟಿಫಿನ್ ಡಬ್ಬಿ, ಕಲ್ಲುಬಾನಿ, ಮಂಕರಿ, ಎಲ್ಲ. ಅವನು ಬಯ್ಯಬಹುದು ಅಂದುಕೊಂಡಿದ್ದೆ. ಹೋಗ್ಲಿ ಬುಡವ್ವ ಅನ್ನಬಹುದು ಅಂತಲೂ ಒಳಗೊಳಗೇ ಆಸೆಯಿತ್ತು. ಎರಡೂ ಮಾಡಲಿಲ್ಲ.

"ನನ್ಗ್ಯಾಕ್ ಯೋಳೀರಿ ಅವ್ವ?" ಅಂದ. "ನಾನ್ ಕೆರೆಗೆ ಆಕಿಲ್ಲ ಅಂತ ನನ್ಗೆ ಆವತ್ತೇ ಗೊತ್ತು. ಗೊತ್ತಿಲ್ದೇ ಇರೋರ್ಗೆ ಯೋಳಿ."

ಬಸ್ಸು ಬಂತು, ಕೈಯಲ್ಲಿ ತಡವರಿಸಿಕೊಂಡು ಹತ್ತಿ ಹೋದ. ನಾನು ಆ ಊರಿಗೆ ಹೋಗಲಿಲ್ಲ. ಮಂಡಿನೋವು ಅಂದುಕೊಂಡೆ. ಮಳೆ ಅಂದುಕೊಂಡೆ. ಒಂದು ವರ್ಷ ಹಾಗೇ ಕಳೆಯಿತು.

ಅದೇ ಬಸ್ ನಿಲ್ದಾಣದ ಎದುರಿಗೇ ಮೊನ್ನೆ ಶನಿವಾರ ನಾನು ಸೆರಗು ಸಿಕ್ಕಿಸಿಕೊಂಡು ನಿಂತದ್ದು. ಹೊಳೆಗೆ ಬುಡ್ತೀವಿ ಅಂದ ಆ ಹೆಂಗಸಿಗೂ ನನಗೂ ಏನು ವ್ಯತ್ಯಾಸ ಹೇಳಿ. ಅವಳಿಗೆ ಗೊತ್ತಿಲ್ಲ, ಅಷ್ಟೆ. ಗೊತ್ತಿದ್ದವಳು ಪೇಪರಿನ ಹೆಸರು ಹೇಳಿ ತಪ್ಪಿಸಿಕೊಂಡೆ. ಕೊಳಾಯಿಯ ಹತ್ತಿರ ಬಿಂದಿಗೆ ಹಿಡಿದು ನಿಂತಂತೆಯೇ ಇನ್ನೊಂದು ಸಲ ನಿಂತಿದ್ದೆ. ಅಲ್ಲಿ ನಿಂತಿದ್ದ ಹಾಗೇ ಅದು ಮನಸ್ಸಿಗೆ ಬಂದ ಕೂಡಲೇ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು.

"ಪೇಪರಲ್ಲಿ ಅಲ್ಲ," ಅಂದೆ ಗಿಡದವನಿಗೆ. "ನಾನೇ ಒಂದು ಕೆರೆ ಹಾಳ್ ಮಾಡಿವ್ನಿ. ಅದ್ಕೇ ಗೊತ್ತು."

ಅವನು ಬಾಯಿ ಬಿಟ್ಟು ನೋಡಿದ. ಚೀಲ ಹಿಡಿದ ಹೆಂಗಸು ಹೊರಡಲು ತಿರುಗಿದ್ದವಳು ನಿಂತಳು. ಅವಳಿಗೆ ಹೇಳಿದೆ, ಬಯ್ಯದೆ ಹೇಳಿದೆ. ಹೆಚ್ಚಾದದ್ದನ್ನು ನೀರಿಗೆ ಮಾತ್ರ ಬಿಡಬೇಡ, ತಾರಸಿಯ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ ಸುಟ್ಟುಬಿಡು, ಶಿವನಿಗೆ ಬೂದಿಯೇನೂ ಅಪ್ರಿಯವಲ್ಲ. ಅವಳು ಒಂದು ಗಿಡವನ್ನು ಟಬ್ಬಿಗೆ ವಾಪಸು ಹಾಕಿದಳು, ಒಂದನ್ನು ಇಟ್ಟುಕೊಂಡಳು. ಪೂರ್ತಿ ಗೆದ್ದೆ ಅಂತ ಹೇಳಲಾರೆ. ಆ ವಾಪಸು ಬಂದ ಗಿಡವನ್ನು ನಾನು ಕೊಂಡು, ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಂಡು, ಎಣ್ಣೆಯ ಮಾತು ಮರೆತು, ಊರಿನ ಬಸ್ಸು ಹತ್ತಿದೆ.

ಕೆರೆ ಏರಿಯ ಮೇಲೆ ಇಳಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಸಿರು, ನೀರಿನ ಒಂದು ಚೂರೂ ಕಾಣದು. ಅರಳಿಕಟ್ಟೆಯಲ್ಲಿ ಏಳೆಂಟು ಜನ ಕೂತಿದ್ದರು. ಕೆಲವರು ಮೊಬೈಲು ನೋಡುತ್ತಿದ್ದರು. ಆವತ್ತು ಆಕಾಶದಿಂದ ಉದುರಿತೇನು ಅಂತ ನಗಿಸಿದ ದೊಡ್ಡ ಮನೆಯ ಯಜಮಾನರೂ ಇದ್ದರು, ಊರುಗೋಲಿನ ಮೇಲೆ ಗದ್ದ ಊರಿಕೊಂಡು. ನಾನು ಕವರಿನಿಂದ ಗಿಡ ತೆಗೆದು ಕಟ್ಟೆಯ ಕಲ್ಲಿನ ಮೇಲಿಟ್ಟೆ. ಬೇರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇದನ್ನು ನಮ್ಮ ಕೆರೆಗೆ ತಂದವಳು ನಾನು, ಯಳಂದೂರಿನಿಂದ ಕದ್ದು ತಂದೆ, ಸೋಮವಾರ ಸೋಮವಾರ ನನ್ನ ಕೈಯಾರೆ ಹಾಕಿದೆ, ಮಾದಯ್ಯ ಹಾಕಲಿಲ್ಲ ಅಂದೆ. ದನಿ ಅಂದುಕೊಂಡಷ್ಟು ಜೋರಾಗಿ ಬರಲಿಲ್ಲ.

ಯಜಮಾನರು ಗಿಡವನ್ನು ನೋಡಿದರು, ನನ್ನನ್ನು ನೋಡಿದರು. "ಈಗ್ಯಾಕವ್ವ ಆ ಅಳೇ ಕತೆ? ಬುಡು," ಅಂದರು.

ಕಟ್ಟೆಯ ಹಿಂಬದಿಯಿಂದ ಯಾರೋ ಕೆಮ್ಮಿದರು. ಮರದ ಆ ಕಡೆಗೆ, ನನಗೆ ಕಾಣದ ಹಾಗೆ ಮಾದಯ್ಯ ಕೂತಿದ್ದ. ಕಲ್ಲು ಹಿಡಿದು ಎದ್ದ. ಒಂದು ಕೈ ಮರದ ಮೇಲಿಟ್ಟುಕೊಂಡು ಮೆಲ್ಲಗೆ ಸುತ್ತು ಬಂದು ಯಜಮಾನರ ಪಕ್ಕದಲ್ಲೇ, ಅವರಷ್ಟೇ ಎತ್ತರದ ಕಲ್ಲಿನ ಮೇಲೆ ಕೂತ. ಕರಿ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ಸರ್ಯಾಗಿ ಕೇಳ್ನಿಲ್ಲ ಅವ್ವ," ಅಂದ. "ಇನ್ನೊಂದ್ಸಲ ಯೋಳಿ. ವಸಿ ಗಟ್ಟಿಯಾಗಿ."

ಹೇಳಿದೆ. ಈ ಸಲ ಕೊಳಾಯಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಿಗೂ ಕೇಳಿಸಿತು.